ಗೀರು ಎಂದು ಬರೆದ ಪುಟ

"ಕುತೂಹಲವಂತೆ, ಪರಿಶ್ರಮವಂತೆ! ಕೈ ಕೆಸರಾದರೆ ಬಾಯಿ ಮೊಸರು ಅಂತಾರಲ್ಲ, ಕೆಸರು ನನ್ನ ಕೈಗೆ, ಮೊಸರು ಅವಳ ಬಾಯಿಗೆ!"

ಪೇಪರಿನಲ್ಲಿ ದೊಡ್ಡ ಮೇಡಂ ಫೋಟೊ ಬಂದಾಗೆಲ್ಲ ಹದ್ದಿನಕಣ್ಣಿಯ ಬಾಯಲ್ಲಿ ಇದೇ ಮಾತು. ದೊಡ್ಡ ಮೇಡಂ ಅಂದರೆ ಅದುವರೆಗೆ ಯಾರೂ ಕಾಣದ ಕಣವೊಂದನ್ನು ಕಂಡುಹಿಡಿದ ವಿಜ್ಞಾನಿ. ಹದ್ದಿನಕಣ್ಣಿ ಅವರ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ಸೂಕ್ಷ್ಮದರ್ಶಕಕ್ಕೆ ಕಣ್ಣು ಒತ್ತಿ ಕೂತವಳು. ಎಡಗಣ್ಣಿನ ಸುತ್ತ ಅದರ ಗುರುತು ಇನ್ನೂ ಹಾಗೇ ಇದೆ.

ಬಲೂನಿಗೆ ಕಟ್ಟಿ ಆಕಾಶಕ್ಕೆ ಕಳಿಸಿದ, ಫೋಟೊ ಫಿಲ್ಮಿನ ಲೇಪ ಹಚ್ಚಿದ ಗಾಜಿನ ಫಲಕಗಳು ತೊಳೆದಾದ ಮೇಲೆ ಅವಳ ಮೇಜಿಗೆ ಬರುತ್ತಿದ್ದವು. ಕಣ ಹಾದುಹೋದ ಕಡೆ ಕಪ್ಪು ಚುಕ್ಕೆಗಳ ಸಾಲು ಇರುತ್ತಿತ್ತು. ಅದು ಕಂಡರೆ ನೋಟ್‌ಬುಕ್ಕಿನಲ್ಲಿ 'ಜಾಡು' ಅಂತ ಬರೆಯಬೇಕು, ತೊಳೆಯುವಾಗ ತರಚಿದ್ದಾದರೆ 'ಗೀರು'. ಶಾಯಿಯಲ್ಲೇ ಬರೆಯಬೇಕು, ಹೊಡೆದುಹಾಕುವಂತಿಲ್ಲ. ಒಂದೊಂದು ಫಲಕವನ್ನೂ ಇಬ್ಬರು ಬೇರೆಬೇರೆಯಾಗಿ ನೋಡಬೇಕು. ಇಬ್ಬರೂ ಗೀರು ಅಂದರೆ ಫಲಕ ಸೀದಾ ಬೀರುವಿಗೆ.

"ಆ ಹೊಸ ಕಣದ ಜಾಡನ್ನ ಮೊದಲು ಕಂಡವಳು ನಾನು, ಹೆಸರು ಹೊಡೆದುಕೊಂಡವಳು ಅವಳು." ನಲವತ್ತು ವರ್ಷ ಮನೆಮಂದಿಗೆಲ್ಲ ಹೀಗೇ ಹೇಳಿದ್ದಳು. ಅಣ್ಣನ ಮಗಳಂತೂ ಈ ಕಥೆ ಕೇಳಿಯೇ ವಿಜ್ಞಾನ ಓದಿ ಟೀಚರಾದಳು, ತನ್ನ ತರಗತಿಯಲ್ಲೂ ಅದನ್ನೇ ಹೇಳಿದಳು. ಕಥೆಗೆ ಇದ್ದದ್ದು ಒಂದೇ ಕುಂದು, ಅದು ಸುಳ್ಳು. ಹದ್ದಿನಕಣ್ಣಿ ಬರೆದದ್ದು ಗೀರು ಅಂತ.

ಪ್ರಯೋಗಾಲಯಕ್ಕೆ ಐವತ್ತು ತುಂಬಿತು. ಮೇಡಂ ಭಾಷಣ, ಹಳೆಯ ನೋಟ್‌ಬುಕ್ಕುಗಳ ಪ್ರದರ್ಶನ ಅಂತ ಕಾಗದ ಬಂತು.

"ಆ ಮುದುಕಿಯ ಕೊರೆತ ಯಾರಿಗೆ ಬೇಕು? ನಾನು ಬರಲ್ಲ."

"ನಿನ್ನ ಬುಕ್ಕೂ ಇರುತ್ತಂತೆ ಅತ್ತೆ! ಮೊದಲು ಕಂಡಿದ್ದು ಯಾರು ಅಂತ ಎಲ್ಲರೂ ನೋಡ್ಲಿ," ಅಂತ ಅಣ್ಣನ ಮಗಳು ಕೈಹಿಡಿದು ಎಳೆದಳು. ಅಯ್ಯೋ, ಇನ್ನೇನು ಹೇಳ್ತಾಳೆ? ತಾನೇ ತೋಡಿದ ಗುಂಡಿ.

ಸಭಾಂಗಣದ ಬಾಗಿಲಲ್ಲೇ ಗಾಜಿನ ಪೆಟ್ಟಿಗೆ. ಹದ್ದಿನಕಣ್ಣಿ ಅದಕ್ಕೆ ಬೆನ್ನು ಕೊಟ್ಟು ಅಡ್ಡ ನಿಂತಳು. "ಆಮೇಲೆ ನೋಡಿದ್ರಾಯ್ತು ಬಾ, ಕುರ್ಚಿ ಸಿಗಲ್ಲ," ಅಂತ ಹುಡುಗಿಯನ್ನು ಒಳಗೆ ತಳ್ಳಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಇತ್ತು ಅವಳ ಅವಸರ.

ಎಂಬತ್ತಾರರ ಮೇಡಂ ಕೋಲೂರಿ ನಿಂತರು. "ಶುರುವಾಯ್ತು ನೋಡು, ಕುತೂಹಲದ ಪುರಾಣ," ಅಂತ ಹದ್ದಿನಕಣ್ಣಿ ಗೊಣಗಿದಳು.

"ಕುತೂಹಲ, ಪರಿಶ್ರಮ ಅಂತ ನಾನು ಬೇಕಾದಷ್ಟು ಕೊರೆದಿದ್ದೀನಿ," ಅಂದರು ಮೇಡಂ. "ಹೊರಗೆ ಎರಡು ಬುಕ್ಕು ತೆರೆದಿಟ್ಟಿದ್ದೀವಿ. ಒಂದು ನಮ್ಮ ಹದ್ದಿನಕಣ್ಣಿದು, ಒಂದು ನಂದು. ಎರಡರಲ್ಲೂ ಗೀರು ಅಂತಲೇ ಇದೆ. ಶನಿವಾರ ಫಲಕ ಬೀರು ಸೇರಿತು. ಭಾನುವಾರ ನನಗೆ ಅನುಮಾನ ಬಂತು, ಹೋಗಿ ತೆಗೆದು ನೋಡಿದೆ. ಜಾಡು! ಆಕೆಗೂ ಅನುಮಾನ ಬಂದಿತ್ತೇನೋ, ನಾನು ಒಂದು ದಿನವೂ ಕೇಳಲಿಲ್ಲ. ಬಂದಿದ್ರೂ ಏನು ಮಾಡ್ತಿದ್ದಳು? ಐದೂವರೆಗೆ ಬೀಗ ಹಾಕ್ತಿದ್ದವಳು ನಾನು. ಬೀಗದ ಕೈ ನನ್ನೊಬ್ಬಳ ಹತ್ತಿರ ಇತ್ತು. ಇಷ್ಟು ವರ್ಷ ಅದನ್ನೇ ಕುತೂಹಲ ಅಂತ ಕರೆದುಕೊಂಡೆ."

ಅಣ್ಣನ ಮಗಳು ನಿಧಾನವಾಗಿ ತಿರುಗಿದಳು. "ಗೀರು ಅಂತ ಬರೆದಿದ್ಯಾ, ಅತ್ತೆ?"

ಬೈಯೋಣ ಅಂತ ಬಾಯಿ ತೆರೆದಳು ಹದ್ದಿನಕಣ್ಣಿ. ಬೈಗುಳ ಬರಲಿಲ್ಲ.

"ಬರೆದೆ ಕಣೇ. ನಿಂಗೆ ಸುಳ್ಳು ಹೇಳಿದೆ." ಸೆರಗಿನ ತುದಿಯಿಂದ ಆ ಎಡಗಣ್ಣು ಒರೆಸಿಕೊಂಡಳು. "ಅವತ್ತು ಬಸ್ ಸ್ಟಾಪಿನಿಂದ ವಾಪಸ್ ಓಡಿದ್ದೆ, ಇನ್ನೊಂದ್ಸಲ ನೋಡೋಣ ಅಂತ. ಬೀಗ ಬಿದ್ದಿತ್ತು. ಸೋಮವಾರ ಮೇಜಿನ ಮೇಲೆ ಹೊಸ ಫಲಕ ಇತ್ತು. ತಪ್ಪು ಬರೆದೆ ಅಂತ ಹೇಳೋಕೆ ನಾಚಿಕೆಯಾಯ್ತು, ಸುಮ್ಮನೆ ಕೂತೆ."

ನಲವತ್ತು ವರ್ಷ ಬಾಯಿಗೆ ಬಂದಂತೆ ಬೈದವಳು ಈ ಓಟದ ಮಾತನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.