ಬೈಕಂಪಾಡಿಯಲ್ಲಿ ಸಿಕ್ಕಿದ ನೆರೆಮನೆಯವರು

ಮಂಗಳೂರಿನಲ್ಲಿ ಗುಟ್ಟು ಎಂಬುದೇ ಇಲ್ಲ. ಬಸ್ಸಿನಲ್ಲಿ ಪಕ್ಕ ಕುಳಿತವರು ಊರು ಎಲ್ಲಿ, ಯಾವ ಇಗರ್ಜಿ, ಯಾರ ಮಗಳು ಎಂದು ಕೇಳುತ್ತ ಕೇಳುತ್ತ, ಇಳಿಯುವಷ್ಟರಲ್ಲಿ ನಮ್ಮ ಅತ್ತಿಗೆಯ ಕಡೆಯ ಸಂಬಂಧಿಕರಾಗಿರುತ್ತಾರೆ. ನಾನಂತೂ ಟೀಚರ್. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದಾಗಲೂ "ಟೀಚರ್, ಗುರ್ತ ಸಿಕ್ಕಿತಾ?" ಎಂದು ಕೇಳಿಸಿಕೊಂಡವಳು. ಅಂಥವಳು ಕುಡಿತ ಬಿಡಲು ಜೊತೆ ಹುಡುಕಿಕೊಂಡು ಎಲ್ಲಿಗೆ ಹೋಗುವುದು?

ಶುರುವಾದದ್ದು ನಮ್ಮ ಮನೆಯ ಕ್ರಿಸ್ಮಸ್ ವೈನಿನಿಂದ. ದ್ರಾಕ್ಷಿಯನ್ನು ಭರಣಿಯಲ್ಲಿ ಹಾಕಿಡುವ ಕೆಲಸ ಅಮ್ಮನಿಂದ ನನಗೆ ಬಂದದ್ದು. ರುಚಿ ನೋಡುವ ಕೆಲಸವೂ ಅದರ ಜೊತೆಗೇ ಬಂತು. ನಿವೃತ್ತಿಯಾದ ಮೇಲೆ ರುಚಿ ನೋಡಲು ಡಿಸೆಂಬರ್ ಬರಬೇಕೆಂದೇನೂ ಇರಲಿಲ್ಲ. ವೈನ್ ಮುಗಿದರೆ ದುಬಾಯಿಯಿಂದ ತಮ್ಮ ತಂದ ಬಾಟ್ಲಿಗಳಿದ್ದವು. ಕೊನೆಗೆ ನಮ್ಮ ಡಾಕ್ಟರೇ ಹೇಳಿದರು: "ಟೀಚರ್, ಒಬ್ಬರೇ ಬಿಡ್ಲಿಕ್ಕೆ ಕಷ್ಟ. ಬಿಟ್ಟವರ ಜೊತೆ ಹೋಗಿ ಕೂತ್ಕೊಳ್ಳಿ."

ಅಂಥವರ ಸಭೆ ಮಣ್ಣಗುಡ್ಡದ ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲೇ ಒಂದಿತ್ತು. ಬೇಡವೇ ಬೇಡ. ಪಂಪ್‌ವೆಲ್ ಬಳಿ ಇನ್ನೊಂದು. ಅಲ್ಲಿ ಬಸ್ಸಿಗೆ ಕಾಯುವವರಲ್ಲಿ ಅರ್ಧ ಜನ ನನ್ನ ಕೈಯಲ್ಲಿ ಮಗ್ಗಿ ಕಲಿತವರು. ಬೈಕಂಪಾಡಿ ಆದೀತು ಅನಿಸಿತು. ಬರೀ ಕಾರ್ಖಾನೆ, ಗೋದಾಮು, ಲಾರಿಗಳು. ನನ್ನ ಗುರ್ತ ಯಾರಿಗೆ? ಒಂದು ಭಾನುವಾರ ಸಂಜೆ ಬಸ್ಸು ಕೂಳೂರು ಹೊಳೆಯ ಸಂಕ ದಾಟುವಾಗ ನನ್ನ ಬುದ್ಧಿವಂತಿಕೆಗೆ ನಾನೇ ಭೇಷ್ ಹೇಳಿಕೊಂಡೆ.

ಸಭೆ ಒಂದು ವರ್ಕ್‌ಶಾಪಿನ ಮಾಳಿಗೆಯ ಕೋಣೆಯಲ್ಲಿ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ತಲೆ ಎತ್ತುತ್ತೇನೆ, ಚಹಾದ ಫ್ಲಾಸ್ಕ್ ಹಿಡಿದು ನಿಂತವರು ನಮ್ಮ ಪಕ್ಕದ ಮನೆಯವರು! ಹೋಟೆಲ್ ನಡೆಸುವ ಗೌರವಸ್ಥರು. ಅವರ ಮನೆಗೂ ನನ್ನ ಮನೆಗೂ ನಡುವೆ ಇರುವುದು ಒಂದು ಕಂಪೌಂಡು ಗೋಡೆ. ಆ ಗೋಡೆಯ ಮೇಲಿನಿಂದಲೇ ಚೌತಿಗೆ ಅವರ ಹೆಂಡತಿಯ ಪಂಚಕಜ್ಜಾಯ ಈಚೆ ಬರುವುದು, ಕ್ರಿಸ್ಮಸ್ಸಿಗೆ ನನ್ನ ಕುಸ್ವಾರ್ ತಿಂಡಿಗಳು ಆಚೆ ಹೋಗುವುದು. ನೆವ್ರಿ, ಕಿಡಿಯೊ, ಗುಳಿಯೊ ತುಂಬಿದ ತಟ್ಟೆ, ಜೊತೆಗೆ ತಪ್ಪದೆ ಒಂದು ಬಾಟ್ಲಿ ವೈನ್.

"ಎಂತ ಟೀಚರ್, ಇಷ್ಟು ದೂರ?" ಎಂದರು.

"ನೀವು ಎಂತ ಅಣ್ಣ, ಇಷ್ಟು ದೂರ?" ಎಂದೆ.

ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕು ನಾನೊಬ್ಬಳೇ ಅಲ್ಲ ಎಂದಾಯಿತು. ಆದರೂ ನನ್ನ ಕಾಲು ಚಪ್ಪಲಿ ಹುಡುಕುತ್ತಿತ್ತು. ಅವರು ದನಿ ತಗ್ಗಿಸಿ, "ನಾನು ಬರುವುದು ಮನೆಯಲ್ಲಿ ಗೊತ್ತುಂಟು. ನೀವು ಬರುವುದು ಗೊತ್ತಾಗುವುದಿಲ್ಲ. ಇಲ್ಲಿಯದ್ದು ಇಲ್ಲಿಗೇ," ಎಂದರು.

ನಾನು ನಂಬಲಿಲ್ಲ. ಅವರ ಹೆಂಡತಿ ಬಂಗಾರದಂಥ ಹೆಂಗಸು, ಆದರೆ ಬಾಯಿಗೆ ಬೀಗವಿಲ್ಲ. ಅವರಿಗೆ ತಿಳಿದರೆ ಬೀದಿಗೆಲ್ಲ ತಿಳಿದ ಹಾಗೆ. ಬೀದಿಗೆ ತಿಳಿದರೆ ನಾನು ಈ ಕಡೆ ತಲೆ ಹಾಕುವುದಿಲ್ಲ, ಬಾಟ್ಲಿಯ ಕಡೆಗೇ ಹೋಗುತ್ತೇನೆ. ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಹೇಗೋ ಕುಳಿತೆ. ಚಹಾ ಪಾಯಸದಷ್ಟು ಸಿಹಿ. ಕ್ರೇನ್ ಓಡಿಸುವವರೊಬ್ಬರು ತಮ್ಮ ಕಥೆಯನ್ನು ತುಳುವಿನಲ್ಲಿ ಹೇಳಿದರು. ನಾನು ಯಾರ ಮಗಳು ಎಂದು ಯಾರೂ ಕೇಳಲಿಲ್ಲ. ಒಬ್ಬರು ಅಭ್ಯಾಸಬಲದಿಂದ "ನಿಮ್ಮದು ಊರು..." ಎಂದು ಶುರುಮಾಡಿದರು, ಉಳಿದವರೆಲ್ಲ ಕೆಮ್ಮಿದರು, ಪಾಪ, ಅವರು ಮಾತು ನುಂಗಿ ನನ್ನ ಕಡೆಗೆ ಬಿಸ್ಕೆಟ್ ತಳ್ಳಿದರು. ನನಗೆ ಎಷ್ಟು ಹಗುರವಾಯಿತೆಂದರೆ, "ನಾನು ಕುಡಿಯುತ್ತೇನೆ, ನಿಲ್ಲಿಸಲು ಆಗುತ್ತಿಲ್ಲ" ಎಂದು ಕ್ಲಾಸಿನ ಕನ್ನಡದಲ್ಲಿ ಹೇಳಿಯೇಬಿಟ್ಟೆ. ಮನೆಮಾತು ಕೊಂಕಣಿಯಲ್ಲಾದರೆ ಸ್ವರ್ಗದಲ್ಲಿರುವ ಅಮ್ಮನಿಗೆ ಕೇಳಿಸೀತು ಎಂಬ ಹೆದರಿಕೆ.

ಅಂದಿನಿಂದ ಪ್ರತಿ ಭಾನುವಾರ ಒಂದೇ ಬಸ್ಸು. ನಾನು ಮುಂದಿನ ಬಾಗಿಲು, ಅವರು ಹಿಂದಿನ ಬಾಗಿಲು. ಇಳಿದ ಮೇಲೂ ಪರಿಚಯವೇ ಇಲ್ಲದವರ ಹಾಗೆ ನಡೆಯುತ್ತೇವೆ. ಸೋಮವಾರ ಬೆಳಿಗ್ಗೆ ನಾನು ಗೋಡೆಯ ಬಳಿ ಅವರ ಹೆಂಡತಿಯ ಮುಖ ಓದಲು ನಿಲ್ಲುತ್ತಿದ್ದೆ. ಅವರು ಬಂಗುಡೆ ದುಬಾರಿಯಾದದ್ದನ್ನು, ನಾದಿನಿಯ ಸೊಕ್ಕನ್ನು ಹೇಳುತ್ತಿದ್ದರು. ಮುಖದಲ್ಲಿ ಬೇರೇನೂ ಇಲ್ಲ. ಹೀಗೆ ವಾರಗಳು ಹೋದವು, ಮಳೆಗಾಲ ಹೋಯಿತು, ನಾನು ಕುಡಿಯಲಿಲ್ಲ. ಭರಣಿಯಲ್ಲಿ ಈಗ ಮಾವಿನಮಿಡಿ ಉಂಟು.

ಕ್ರಿಸ್ಮಸ್ ಬಂತು. ತಟ್ಟೆಯನ್ನು ಗೋಡೆಯ ಮೇಲಿಟ್ಟೆ. ಅವರ ಹೆಂಡತಿ ಬಟ್ಟೆ ಸರಿಸಿ ನೋಡಿ, "ಈ ಸಲ ವೈನ್ ಇಲ್ವಾ ಟೀಚರ್?" ಎಂದರು. ಜಗಲಿಯಲ್ಲಿ ಅಣ್ಣ ಪೇಪರ್ ಓದುತ್ತಿದ್ದರು. ಸುಳ್ಳು ಬಾಯಿಗೆ ಬಂದಿತ್ತು, ದ್ರಾಕ್ಷಿ ಸರಿ ಇರಲಿಲ್ಲ ಅಂತ. ಆದರೆ ಅದು ಬೇಡವೆನಿಸಿತು.

"ಇಲ್ಲ. ನನಗೆ ಕುಡಿತ ಅಂಟಿಕೊಂಡಿತ್ತು. ಬಿಟ್ಟಿದ್ದೇನೆ. ಅದಕ್ಕೇ ಭಾನುವಾರ ಬೈಕಂಪಾಡಿಗೆ ಹೋಗ್ತೇನೆ," ಎಂದೆ.

ಅವರು ಬಾಯಿ ಮೇಲೆ ಕೈಯಿಟ್ಟರು. ಆಮೇಲೆ ನನ್ನ ಕೈ ಹಿಡಿದುಕೊಂಡು, "ಅಯ್ಯೋ ಟೀಚರ್, ನೀವು ಕೊಟ್ಟ ವೈನನ್ನು ನಾನು ವರ್ಷವೂ ಇವರ ಕಣ್ಣಿಗೆ ಬೀಳದ ಹಾಗೆ ಬಾಳೆಯ ಬುಡಕ್ಕೆ ಹಾಕ್ತಿದ್ದೆ. ನಿಮಗೆ ಬೇಜಾರಾಗ್ತದೆ ಅಂತ ಹೇಳಲಿಲ್ಲ," ಎಂದರು. ಬಾಯಿಗೆ ಬೀಗವಿಲ್ಲದವರು! ಮತ್ತೆ ಏನೋ ಹೊಳೆದು ಜಗಲಿಯ ಕಡೆ ತಿರುಗಿದರು.

"ಹೌದಾ, ಬೈಕಂಪಾಡಿ ಅಂದ್ರೆ ನಿಮ್ಮ ಸಭೆಯೇ ಅಲ್ವಾ? ಅಲ್ಲಿ ನೀವು ಟೀಚರನ್ನು ನೋಡಿದ್ದುಂಟಾ?"

ಅಣ್ಣ ಪೇಪರಿನಿಂದ ತಲೆ ಎತ್ತಲೇ ಇಲ್ಲ.

"ಯಾವ ಟೀಚರ್?" ಎಂದರು.