ಕಳಿಸುವಮ್ಮನ ಮನೆಯ ಗುಂಡಿಯಕ್ಕ

ನಮ್ಮತ್ತೆಯನ್ನು ಊರೆಲ್ಲ ಗುಂಡಿಯಕ್ಕ ಎಂದೇ ಕರೆಯುತ್ತಿತ್ತು. ಅಂಗಿಯ ಗುಂಡಿ ಬಿಚ್ಚುವುದು ಅವಳ ಕೆಲಸ. ಬಟ್ಟೆ ಕೊಳೆಹಾಕುವ ಗುಂಡಿಯ ಪಕ್ಕ ಕೂರುವುದೂ ಅವಳ ಕೆಲಸ. ಎರಡಕ್ಕೂ ಸೇರಿ ಒಂದೇ ಹೆಸರು ಸಾಕಾಯಿತು. ನನ್ನ ಅಪ್ಪನಿಗೆ ಅವಳು ಅಕ್ಕ. ಮದುವೆ ಮಾಡಿಕೊಳ್ಳದೆ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಇದ್ದುಬಿಟ್ಟಿದ್ದಳು. ಆ ಕೋಣೆಯಲ್ಲಿ ಸದಾ ಒದ್ದೆ ಬಟ್ಟೆಯ ಮುಗ್ಗಲು ವಾಸನೆ. ಕಿಟಕಿ ತೆಗೆದು ತೆಗೆದು ಅಮ್ಮನಿಗೆ ಸಾಕಾಗಿತ್ತು.

"ಅತ್ತಿಗೆ, ದೇವಿ ಸೇವೆ ಮಾಡಿ ಬರೋರು ಯಾರಾದ್ರೂ ಹೀಗೆ ನಾರ್ತಾರಾ?" ಎಂದು ಅಮ್ಮ ಕೇಳುವಳು.

"ನಮ್ಮ ದೇವಿ ಇರೋದೇ ಹಾಗೆ ಕಣೇ. ನಾನೇನು ಮಾಡ್ಲಿ?" ಎಂದು ಅತ್ತೆ ಕೈ ತೊಳೆಯಲು ಹೋಗುವಳು.

ಅವಳ ದೇವಿಯ ಹೆಸರು ಕಳಿಸುವಮ್ಮ. ಕಾಯನ್ನು ಹಣ್ಣಾಗಿಸಿ, ಹಣ್ಣನ್ನು ಮೆತ್ತಗೆ ಕಳಿಸುವವಳು. ಹೊರಟವರನ್ನು ಬಾಗಿಲ ತನಕ ಬಂದು ಕಳಿಸುವವಳೂ ಅವಳೇ. ಹಳತನ್ನು ಕೊಳೆಸಿ ಹೊಸತು ಮಾಡಿ ಕೊಡುತ್ತಾಳೆ ಎಂದು ಅವಳ ಭಕ್ತರು ನಂಬುತ್ತಾರೆ. ಅವಳಿಗೆ ಗುಡಿಯಿಲ್ಲ, ವಿಗ್ರಹವಿಲ್ಲ. ನಮ್ಮ ಬೀದಿಯ ಕೊನೆಯಲ್ಲಿ ಕಾಲುವೆಗೆ ಬೆನ್ನು ಹಾಕಿ ನಿಂತ ಕಾಗದಮನೆಯೇ ಅವಳ ಮನೆ.

ತೀರಿಹೋದವರ ಬಟ್ಟೆಗಳನ್ನು ಜನ ಅಲ್ಲಿಗೆ ತರುತ್ತಾರೆ. ಗುಂಡಿ, ಹುಕ್ಕು, ಪಿನ್ನುಗಳನ್ನು ಬಿಚ್ಚಿ, ಬಟ್ಟೆಯನ್ನು ಅಂಗೈ ಅಗಲಕ್ಕೆ ಸೀಳಿ, ನೀರು ಚಿಮುಕಿಸಿ ಇಟ್ಟಿಗೆಯ ಗುಂಡಿಯಲ್ಲಿ ರಾಶಿ ಹಾಕುತ್ತಾರೆ. ನಾಲ್ಕೈದು ವಾರಕ್ಕೆ ರಾಶಿ ಒಳಗಿಂದೊಳಗೇ ಕಾವು ಏರಿ ಮೆತ್ತಗಾಗುತ್ತದೆ. ಆಮೇಲೆ ಅದನ್ನು ಕುಟ್ಟಿ, ನೀರಿನ ತೊಟ್ಟಿಯಲ್ಲಿ ಕದಡಿ, ಜಾಲರಿಯ ಚೌಕಟ್ಟಿನಿಂದ ಎತ್ತಿದರೆ ಕಾಗದ. ಬಟ್ಟೆ ಕೊಟ್ಟ ಮನೆಗೆ ಒಂದು ಹಾಳೆ. ಅದರ ಮೇಲೆ ಏನು ಬರೆಯುವುದೆಂಬುದು ಅವರವರ ಇಷ್ಟ. ಆದರೆ ಹೊಸತೇ ಆಗಬೇಕು. ಮಗುವಿನ ಹೆಸರು ಬರೆದವರಿದ್ದಾರೆ, ಮುನಿಸಿಕೊಂಡ ಅಣ್ಣನಿಗೆ ಹತ್ತು ವರ್ಷದ ಮೇಲೆ ಕಾಗದ ಬರೆದವರೂ ಇದ್ದಾರೆ.

ಪೂಜೆಯೆಂದರೆ ಇಷ್ಟೇ. ಬಂದವರು ಮಣಿಕಟ್ಟಿನ ತನಕ ಕೈಯನ್ನು ರಾಶಿಯೊಳಗೆ ತೂರಿಸುತ್ತಾರೆ. ಒಳಗೆ ಬೆಚ್ಚಗಿರುತ್ತದೆ. "ಕಳಿಸಿದೆ ತಾಯಿ" ಎಂದು ಕೈ ತೆಗೆಯುತ್ತಾರೆ. ದೇವಿಗೆ ಹೂವು ತಂದರೆ ಬಾಡಿದ್ದೇ ಆಗಬೇಕು. ಹಣ್ಣಿನಂಗಡಿಯವನು ಅತ್ತೆಯನ್ನು ಕಂಡಾಗಲೆಲ್ಲ ಮೆತ್ತಗಾದ ಹಣ್ಣು ಆರಿಸಿ, "ತಗೊಳ್ಳಿ, ನಿಮ್ಮಮ್ಮನಿಗೆ" ಎಂದು ನಗುತ್ತಿದ್ದ. ಅರ್ಧ ಅವಳೇ ತಿನ್ನುತ್ತಿದ್ದಳು.

ಅತ್ತೆ ಅಲ್ಲಿಗೆ ಹೋದದ್ದು ಇಪ್ಪತ್ತನೆಯ ವಯಸ್ಸಿನಲ್ಲಿ, ನನ್ನ ಅಜ್ಜಿ ತೀರಿಕೊಂಡಾಗ. ಅಜ್ಜಿಯ ಒಂದು ಹೊದಿಕೆ, ಎರಡು ಅಂಗಿ ತೆಗೆದುಕೊಂಡು ಹೋದವಳು ಗಂಟು ಬಿಚ್ಚಲಾರದೆ ನಿಂತುಬಿಟ್ಟಳಂತೆ. ಆಗ ಕತ್ತರಿ ಹಿಡಿದು ಕೂತಿದ್ದ ಮುದುಕಿ, "ಕೊಡೋಕಾಗದಿದ್ರೆ ಇವತ್ತು ಬೇಡ. ಸುಮ್ನೆ ಯಾಕೆ ನಿಂತಿದ್ದೀಯ, ಕೂತ್ಕೊಂಡು ಬೇರೆಯೋರದ್ದು ಬಿಚ್ಚು" ಎಂದಳು. ಅತ್ತೆ ಕೂತು ಗೊತ್ತಿಲ್ಲದವರ ಅಂಗಿಗಳ ಗುಂಡಿ ಬಿಚ್ಚಿದಳು. ಮೂರನೆಯ ದಿನ ತನ್ನ ತಾಯಿಯದನ್ನು ತಾನೇ ಬಿಚ್ಚಿದಳು. ಆ ಬೆಂಚಿನಿಂದ ಏಳಲು ಮೂವತ್ತೆಂಟು ವರ್ಷ ಬೇಕಾಯಿತು.

ಅವಳಿಗೆ ಐವತ್ತೇಳು ತುಂಬಿದ ವರ್ಷ, ಚಳಿ ಶುರುವಾಗುವ ಹೊತ್ತಿಗೆ, ಪಕ್ಕದ ಬೀದಿಯ ಕನ್ನಡಕದಂಗಡಿಯವರು ಒಂದು ದೊಡ್ಡ ಚೀಲ ಹೊತ್ತುಕೊಂಡು ಬಂದರು. ಅವರ ಹೆಂಡತಿ ತೀರಿಕೊಂಡು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಅತ್ತೆ ಚೀಲದೊಳಗೆ ಕೈ ಹಾಕಿದಳು, ಹಾಗೇ ಹಿಂದಕ್ಕೆ ತೆಗೆದಳು.

"ಇದು ಉಣ್ಣೆ."

"ಹೌದು. ಎಲ್ಲಾ ಅವಳೇ ಹೆಣೆದ ಸ್ವೆಟರು."

"ಉಣ್ಣೆ ಕಾಗದ ಆಗಲ್ಲ. ಹತ್ತಿ ಇದ್ರೆ ಕೊಡಿ, ನಾರಿನ ಬಟ್ಟೆಯಾದ್ರೂ ನಡೆಯುತ್ತೆ."

"ಹತ್ತಿದೆಲ್ಲಾ ಅವಳ ತಂಗಿಯರು ತಗೊಂಡು ಹೋದ್ರು. ನನಗೆ ಉಳಿದಿದ್ದು ಇಷ್ಟೇ."

ಅವರು ಒಂದೊಂದನ್ನೂ ಹೊರಗೆ ತೆಗೆದು ಮತ್ತೆ ಮಡಿಸತೊಡಗಿದರು. ಮಡಿಸಲು ಬರುತ್ತಿರಲಿಲ್ಲ, ತೋಳುಗಳು ಜಾರಿ ಜಾರಿ ಬೀಳುತ್ತಿದ್ದವು. ಒಂದು ನೀಲಿ ಸ್ವೆಟರಿನ ಎದೆಯ ತುಂಬ ತೂತು. ಅದನ್ನು ಬೇಗ ಬೇಗ ಕೆಳಗೆ ತಳ್ಳಿದರು.

"ಹುಳ ತಿಂದುಬಿಟ್ಟಿದೆ. ನೋಡ್ಕೊಳ್ಳೋಕೆ ನನಗೆ ಗೊತ್ತಾಗ್ಲಿಲ್ಲ" ಎಂದರು, ತಪ್ಪೊಪ್ಪಿಕೊಳ್ಳುವವರಂತೆ.

"ನಮ್ಮಮ್ಮ ನಿಮ್ಮನೆಗೇ ಬಂದು ಹೋಗಿದ್ದಾಳೆ ಬಿಡಿ" ಎಂದಳು ಅತ್ತೆ. "ಇಷ್ಟು ಭಾರ ನೀವ್ಯಾಕೆ ಹೊತ್ಕೊಂಡು ಬಂದ್ರಿ?"

ಅವರು ಅವಳ ಮುಖ ನೋಡಿದರು. ನಗು ಬಂತು. ನಗುತ್ತ ನಗುತ್ತಲೇ ಅಳು ಬಂತು. ಅತ್ತೆ ತಲೆಯೆತ್ತದೆ ಕೈಲಿದ್ದ ಅಂಗಿಯ ಮೂರು ಗುಂಡಿ ನಿಧಾನಕ್ಕೆ ಬಿಚ್ಚಿದಳು. ಅಷ್ಟರಲ್ಲಿ ಅವರು ಸುಧಾರಿಸಿಕೊಂಡರು.

"ಉಣ್ಣೇನ ಬಿಚ್ಚಿ ನೂಲು ಮಾಡ್ಬಹುದು" ಎಂದಳು. "ನಿಮಗೆ ಬಿಚ್ಚೋಕೆ ಬರುತ್ತಾ?"

"ಕನ್ನಡಕದ ಸ್ಕ್ರೂ ಬಿಚ್ಚೋಕೆ ಬರುತ್ತೆ."

"ಹಾಗಾದ್ರೆ ನಾಳೆ ಮಧ್ಯಾಹ್ನ ಊಟದ ಹೊತ್ತಿಗೆ ಬನ್ನಿ."

ಅಂದಿನಿಂದ ಮಧ್ಯಾಹ್ನದ ಅರ್ಧ ಗಂಟೆ ಇಬ್ಬರೂ ಕಾಲುವೆಯ ಕಡೆಯ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಅವರು ಎರಡೂ ಕೈ ಚಾಚಿ ಹಿಡಿಯುವುದು, ಅತ್ತೆ ಎಳೆ ಬಿಚ್ಚಿ ಅವರ ಕೈಗಳಿಗೆ ಸುತ್ತುವುದು. ಹುಳ ತಿಂದು ತುಂಡಾದ ಎಳೆಗಳು ಅಲ್ಲೇ ಇದ್ದ ಮರದ ಬುಡದ ಮಣ್ಣಿಗೆ. ಉಣ್ಣೆಯೂ ಅಮ್ಮನಿಗೇ, ದಾರಿ ಮಾತ್ರ ಬೇರೆ ಎನ್ನುತ್ತಿದ್ದಳು. ಉದ್ದದ ಎಳೆಗಳನ್ನು ತೊಳೆದು ಒಣಹಾಕಿ ಲಡಿ ಮಾಡುತ್ತಿದ್ದಳು. ಸ್ವೆಟರು ಹನ್ನೊಂದಿದ್ದವು. ಒಂದೊಂದಕ್ಕೂ ಒಂದು ಕತೆ. ಬೂದಿ ಬಣ್ಣದ್ದಂತೂ ಬೇಗ ಬಿಚ್ಚಿಕೊಳ್ಳಲಿಲ್ಲ, ಅಷ್ಟು ಬಿಗಿ ಹೆಣಿಗೆ.

"ಅದು ನನ್ನ ಮೇಲೆ ಸಿಟ್ಟು ಬಂದಾಗ ಹೆಣೆದಿದ್ದು" ಎಂದರು ಕನ್ನಡಕದವರು.

"ಏನು ಮಾಡಿದ್ರಿ?"

"ಅವಳ ತಂಗಿ ಮದುವೆ ಯಾವತ್ತು ಅನ್ನೋದೇ ಮರೆತುಹೋಗಿತ್ತು. ಅಂಗಡೀಲಿ ಕೂತುಬಿಟ್ಟಿದ್ದೆ."

"ಹಾಗಾದ್ರೆ ಇದು ಸಡಿಲಾನೇ ಆಯ್ತು."

ಹೀಗೆ ಎದುರುಬದುರು ಕೂತಾಗಲೇ ಅವರಿಗೆ ಗೊತ್ತಾಯಿತು, ಅತ್ತೆ ಎಳೆಯನ್ನು ಮೂಗಿನ ಹತ್ತಿರ ಹಿಡಿದು ನೋಡುತ್ತಾಳೆಂದು. ಅಂಗಡಿಗೆ ಬನ್ನಿ ಎಂದರು. ಅವಳು ಇವತ್ತು ನಾಳೆ ಎಂದು ಮೂರು ವಾರ ತಳ್ಳಿದಳು. ಕೊನೆಗೆ ನಾನೇ ಕಾಲೇಜಿಗೆ ಹೋಗುವ ದಾರಿಯಲ್ಲಿ ಕೈ ಹಿಡಿದು ಕರೆದುಕೊಂಡು ಹೋದೆ. ಅವರು ತುಂಬ ಹೊತ್ತು ಪರೀಕ್ಷೆ ಮಾಡಿದರು. ದೊಡ್ಡ ಡಾಕ್ಟರಿಗೂ ತೋರಿಸಿದ್ದಾಯಿತು. ಕನ್ನಡಕ ಕೊಡುವಾಗ ಕನ್ನಡಕದವರು ಏನನ್ನೂ ಮುಚ್ಚಿಡಲಿಲ್ಲ.

"ಬಲಗಣ್ಣು ಪರವಾಗಿಲ್ಲ. ಎಡಗಣ್ಣು ಇನ್ನೊಂದೆರಡು ವರ್ಷ ನಿಮ್ಮ ಮಾತು ಕೇಳಬಹುದು. ಆಮೇಲೆ ಕೇಳಲ್ಲ."

ಅತ್ತೆ ಕನ್ನಡಕ ಹಾಕಿಕೊಂಡು ಮನೆಗೆ ಬಂದಳು. ಬಾಗಿಲು ತೆಗೆದ ಅಮ್ಮನನ್ನು ನೋಡಿ ಅಲ್ಲೇ ನಿಂತಳು.

"ನಿನಗೆ ಯಾವಾಗ ಕೂದಲು ನರೀತೇ?"

"ನಾಲ್ಕು ವರ್ಷ ಆಯ್ತು ಅತ್ತಿಗೆ."

"ಹೇಳಲೇ ಇಲ್ಲ ನೀನು" ಎಂದು ಅತ್ತೆ ಅವಳ ತಲೆ ಸವರಿದಳು.

ಮಾರನೆಯ ದಿನ ಕಾಗದಮನೆಯ ಅಟ್ಟಕ್ಕೆ ಹೋದಾಗ ಹಗ್ಗದ ಮೇಲೆ ಹಾಳೆಗಳು ಒಣಗುತ್ತಿದ್ದವು. ಐದಾರು ಹಾಳೆಗೊಂದರಲ್ಲಿ ಕಂದು ಚುಕ್ಕೆ. ಸಾಸಿವೆಯಷ್ಟು ಚಿಕ್ಕವು, ಆದರೆ ತುಕ್ಕಿನವು. ತಾನು ಬಿಚ್ಚದೆ ಬಿಟ್ಟ ಹುಕ್ಕುಗಳವು. ಅವಳು ಕೆಳಗಿಳಿದು ತೊಟ್ಟಿಯಣ್ಣನ ಎದುರು ನಿಂತಳು. ಕಾಗದ ಎತ್ತುವವನು ಅವನು. ಅವಳಿಗಿಂತ ಏಳೆಂಟು ವರ್ಷ ಚಿಕ್ಕವನು, ಇಪ್ಪತ್ತೈದು ವರ್ಷದ ಜೊತೆಗಾರ.

"ಯಾವಾಗಿಂದ?"

ಅವನು ನೀರು ನೋಡುತ್ತ, "ಎರಡು ವರ್ಷ ಆಗಿರ್ಬೇಕು" ಎಂದ. "ಅಂಥ ಹಾಳೆ ಒಂದನ್ನೂ ಯಾರಿಗೂ ಕೊಟ್ಟಿಲ್ಲಕ್ಕ. ಚುಕ್ಕೆ ಹರಿದು ತೆಗೆದು, ಮಿಕ್ಕಿದ್ದನ್ನ ಮತ್ತೆ ತೊಟ್ಟಿಗೆ ಹಾಕ್ತೀನಿ. ಮೇಲಿರೋದು ನಿನ್ನೆ ಎತ್ತಿದ್ದು, ಇನ್ನೂ ಆಯ್ದಿಲ್ಲ."

"ನನಗೆ ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಬರೋದು ಬಿಡ್ತಿದ್ದೆ."

ಅವಳು ಕತ್ತರಿಯನ್ನು ಬೆಂಚಿನ ಮೇಲಿಟ್ಟು ಮನೆಗೆ ಬಂದಳು. ಎರಡು ದಿನ ಗೋಡೆಯ ಕಡೆ ತಿರುಗಿ ಮಲಗಿದಳು. ನಾನು ಕಾಫಿ ತೆಗೆದುಕೊಂಡು ಹೋದಾಗ ಗೋಡೆಗೇ ಹೇಳುವಂತೆ ಹೇಳಿದಳು: "ಊರಿಗೆಲ್ಲಾ ಬಿಟ್ಟುಕೊಡಿ, ಬಿಟ್ಟುಕೊಡಿ ಅಂತಿದ್ದೆ. ಕಳಿಸುವಮ್ಮ ನನ್ನ ಕಣ್ಣಿಗೇ ಕೈ ಹಾಕಿದಾಳೆ, ನನಗೇ ತಿಳೀಲಿಲ್ಲ ನೋಡು."

ಎರಡನೆಯ ದಿನ ಸಂಜೆ ಅಮ್ಮ ಒಳಗೆ ಹೋಗಿ ಮಂಚದ ತುದಿಯಲ್ಲಿ ಕೂತಳು. ಸಮಾಧಾನದ ಮಾತು ಅಮ್ಮನಿಗೆ ಒಗ್ಗುವುದಿಲ್ಲ. ಹೊದಿಕೆಯ ಅಂಚು ನೀವಿದಳು.

"ಅತ್ತಿಗೆ, ಎರಡು ದಿನದಿಂದ ಕೋಣೇಲಿ ವಾಸನೆ ಇಲ್ಲ" ಎಂದಳು. "ಮನೇಲಿ ಯಾರೋ ಇಲ್ಲವೇನೋ ಅನ್ಸುತ್ತೆ ನನಗೆ. ನಾಳೆ ಹೋಗಿ ಬಂದುಬಿಡಿ."

ಅತ್ತೆ ಹೋದಳು. ಬೆಂಚಿಗೆ ಹೋಗಲಿಲ್ಲ. ಎರಡು ತಿಂಗಳಿಂದ ಗಂಡನ ಬಟ್ಟೆ ಹಿಡಿದುಕೊಂಡು ಬಂದು, ಕೊಡಲಾಗದೆ ವಾಪಸಾಗುತ್ತಿದ್ದ ಹೆಂಗಸೊಬ್ಬಳಿದ್ದಳು. ಅವಳನ್ನು ಕರೆದು ಕತ್ತರಿ ಕೊಟ್ಟು ಕೂರಿಸಿದಳು. ತಾನು ರಾಶಿಯ ಪಕ್ಕ ಮಣೆ ಹಾಕಿಕೊಂಡಳು. ರಾಶಿ ಯಾವಾಗ ಹದಕ್ಕೆ ಬಂತು ಎನ್ನುವುದನ್ನು ಅಲ್ಲಿಯವರೆಗೆ ತೊಟ್ಟಿಯಣ್ಣ ದಿನ ಎಣಿಸಿ ಹೇಳುತ್ತಿದ್ದ. ಅತ್ತೆ ಕೈಯಿಟ್ಟು ಹೇಳತೊಡಗಿದಳು. ಒಂದು ಗುಂಡಿಗೆ ಇನ್ನೂ ನಾಲ್ಕು ದಿನ ಬೇಕು, ಇನ್ನೊಂದು ಇವತ್ತೇ ಆಗಬೇಕು, ನಾಳೆಗೆ ಬಿಟ್ಟರೆ ಎಳೆಯಲ್ಲಿ ಜೀವ ಇರುವುದಿಲ್ಲ. ಆ ವರ್ಷದ ಕಾಗದ ಹಿಂದೆಂದೂ ಅಷ್ಟು ನಯವಾಗಿರಲಿಲ್ಲ ಎಂದು ತೊಟ್ಟಿಯಣ್ಣ ಈಗಲೂ ಹೇಳುತ್ತಾನೆ. ಅವಳನ್ನು ಖುಷಿಪಡಿಸಲು ಹೇಳುತ್ತಾನೋ ನಿಜವೋ ನನಗೆ ಗೊತ್ತಿಲ್ಲ.

ಚಳಿ ಮುಗಿಯುವ ಹೊತ್ತಿಗೆ ಹನ್ನೊಂದನೆಯ ಸ್ವೆಟರೂ ಬಿಚ್ಚಿ ಮುಗಿಯಿತು. ಆದರೂ ಕನ್ನಡಕದವರು ಮಧ್ಯಾಹ್ನ ಬರುವುದನ್ನು ಬಿಡಲಿಲ್ಲ. ಕೈಗೆ ಕೆಲಸವಿಲ್ಲದೆ ಇಬ್ಬರೂ ಸುಮ್ಮನೆ ನೀರು ನೋಡುತ್ತ ಕೂರುತ್ತಿದ್ದರು. ಒಂದು ದಿನ ಅವರೇ ಮಾತು ತೆಗೆದರು.

"ನಾನು ಇನ್ಮೇಲೆ ನಿಮ್ಮನ್ನ ಅಕ್ಕ ಅನ್ನೋದು ಬಿಡ್ಬೇಕು ಅಂತಿದ್ದೀನಿ."

ಅತ್ತೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತಂತೆ.

"ಮತ್ತೇನು ಅಂತೀರಿ?"

"ಅದು ಇನ್ನೂ ಹೊಳೆದಿಲ್ಲ."

"ನನಗೆ ಐವತ್ತೆಂಟು ನಡೀತಿದೆ. ಒಂದು ಕಣ್ಣು ಹೊರಟು ನಿಂತಿದೆ. ಮೈಯೆಲ್ಲಾ ಕೊಳೆತ ಬಟ್ಟೆ ವಾಸನೆ."

"ನನಗೆ ಅರವತ್ತೆರಡು. ಮೂಗು ಕಟ್ಟಿ ಎಷ್ಟೋ ವರ್ಷ ಆಯ್ತು."

ಅವಳು ಮನೆಗೆ ಬಂದು ಅಮ್ಮನಿಗೆ ಹೇಳಿದಾಗ ಅಮ್ಮ ಒಲೆಯ ಮುಂದೆ ಬೆನ್ನು ತಿರುಗಿಸಿ ನಿಂತುಬಿಟ್ಟಳು. ಆಮೇಲೆ ಕಣ್ಣೊರೆಸಿಕೊಂಡು, ಅವರ ಅಂಗಡಿಯ ಮೇಲಿನ ಮನೆಗೆ ಪರದೆ ಇದೆಯೋ ಇಲ್ಲವೋ ಎಂದು ಕೇಳಿದಳು. ಇರಲಿಲ್ಲ. ಅಮ್ಮನೇ ಹೊಲಿದಳು. ಅಪ್ಪ ಅಕ್ಕನ ಪೆಟ್ಟಿಗೆಯನ್ನು ತಾನೇ ಹೊತ್ತು, ಯಾರ ಕೈಗೂ ಕೊಡದೆ, ಎರಡು ಬೀದಿ ನಡೆದ.

ಇದಾಗಿ ಒಂಬತ್ತು ವರ್ಷ. ಎಡಗಣ್ಣು ಹೇಳಿದ ಹಾಗೆಯೇ ಹೋಯಿತು, ಬಲಗಣ್ಣೂ ಈಗ ಮಬ್ಬು. ಅತ್ತೆ ಇಂದಿಗೂ ದಿನಾ ಕಾಗದಮನೆಗೆ ಹೋಗುತ್ತಾಳೆ. ಬೆಳಗಿನ ಹೊತ್ತು ನಾನು ಅವರ ಮನೆಗೆ ಹೋದರೆ, ಕನ್ನಡಕದ ಮಾವ ಕಿಟಕಿಯ ಪಕ್ಕ ಕೂತು ಅವಳಿಗೆ ಪೇಪರು ಓದುತ್ತಿರುತ್ತಾರೆ. ಹೋದ ವಾರ ಸಾವಿನ ಸುದ್ದಿಯ ಪುಟ ಬಂದಾಗ ಓದದೆ ಮಗುಚಿದರು. ಹಾಳೆಯ ಸದ್ದು ಅವಳಿಗೆ ಕೇಳಿಸಿತು.

"ಅದನ್ನೂ ಓದಿ" ಎಂದಳು. "ಯಾರ ಮನೆಯೋರು ಬರ್ತಾರೆ ಅಂತ ನನಗೆ ಗೊತ್ತಾಗಬೇಡ್ವಾ?"

ಮಾವ ಪುಟ ಹಿಂದಕ್ಕೆ ತಿರುಗಿಸಿದರು. ಅವಳು ಕೈಕಟ್ಟಿ ಕೂತಳು.

"ಹೆಸರು ನಿಧಾನಕ್ಕೆ ಓದಿ" ಎಂದಳು. ಅವರು ಒಂದೊಂದೇ ಹೆಸರನ್ನು, ನಡುವೆ ಒಂದು ಉಸಿರಿನಷ್ಟು ಬಿಟ್ಟು, ಓದತೊಡಗಿದರು.