ಒಬ್ಬರದನ್ನು ಇನ್ನೊಬ್ಬರು ಓದುವ ಶುಕ್ರವಾರ

ಮಾತುಗಾರರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು, ಅದರ ಜೊತೆಗೆ ಒಂದಿಷ್ಟು ಸಿಟ್ಟು. ಅವರಿಗೆ ಅಷ್ಟೊಂದು ಮಾತು ಅದೆಲ್ಲಿಂದ ಬರುತ್ತದೆಯೋ! ಭಾಲ್ಕಿಯ ನಮ್ಮ ಓಣಿಯಲ್ಲಿ ಒಬ್ಬರ ಕಟ್ಟೆಯಿಂದ ಇನ್ನೊಬ್ಬರ ಕಟ್ಟೆಗೆ ದಿನವಿಡೀ ಮಾತು ಹಾರಾಡುತ್ತಿತ್ತು. ನಾನು ಗೋಡೆ ಹಿಡಿದು, ತಲೆ ತಗ್ಗಿಸಿ, ಬಿರಬಿರನೆ ದಾಟಿ ಹೋಗುತ್ತಿದ್ದೆ. "ಏನಪಾ, ಆರಾಮ ಇದ್ದಿ?" ಎಂದು ಯಾರಾದರೂ ಕೇಳಿದರೆ ಅದಕ್ಕೆ ತಕ್ಕ ಉತ್ತರ ನನಗೆ ಹೊಳೆಯುತ್ತಿದ್ದುದು ಮನೆ ಸೇರಿ ಕಾಲು ತೊಳೆಯುವಾಗ. ಔರಾದಿನ ಕಚೇರಿಯಲ್ಲಿ ನೌಕರಿ ಸಿಕ್ಕ ಮೇಲಂತೂ ಓಣಿಯವರು ಇದಕ್ಕೊಂದು ಹೆಸರಿಟ್ಟರು. ನೌಕರಿ ಸಿಕ್ಕ ಸೊಕ್ಕು ಅಂತೆ. ಅಂಜಿಕೆಗೂ ಸೊಕ್ಕಿಗೂ ಹೊರಗಿನಿಂದ ನೋಡುವವರಿಗೆ ಫರಕು ಕಾಣುವುದಿಲ್ಲ.

ಆ ನೌಕರಿ ನನ್ನಂಥವನಿಗೆ ಹೇಳಿ ಮಾಡಿಸಿದಂತಿತ್ತು. ನಕಲು ತೆಗೆಯುವ ಕೆಲಸ. ಯಾರದೋ ಅರ್ಜಿ, ಯಾರದೋ ಹುಕುಂ, ಎಲ್ಲ ಉರ್ದುವಿನಲ್ಲಿ. ಕಣ್ಣು ಮತ್ತು ಕೈ ಇದ್ದರೆ ಸಾಕು, ಬಾಯಿಯ ಗರಜೇ ಇಲ್ಲ. ಸಂಜೆ ನನ್ನ ಖೋಲಿಗೆ ಬಂದು ಅದೇ ಲೇಖಣಿಯಿಂದ ನನ್ನದೇ ಏನಾದರೂ ಬರೆಯುತ್ತಿದ್ದೆ. ಬರೆಯುತ್ತಿದ್ದುದು ಕನ್ನಡ, ಆದರೆ ಅಕ್ಷರ ಉರ್ದುವಿನವು. ಕೇಳಿದವರು ನಗುತ್ತಾರೆ. ನಾನು ಕಲಿತ ಸಾಲೆಯಲ್ಲಿ ಕನ್ನಡವೇ ಇರಲಿಲ್ಲ. ಮಠದಲ್ಲಿ ಅಷ್ಟಿಷ್ಟು ಕನ್ನಡ ಅಕ್ಷರ ಓದಲು ಕಲಿತಿದ್ದೆ, ಬರೆಯಲು ಕೂತರೆ ಕೈ ಕುಂಟುತ್ತಿತ್ತು. ಬಲದಿಂದ ಎಡಕ್ಕೆ ಓಡಿ ರೂಢಿಯಾದ ಕೈ ಅದು. ಅವ್ವನ ಮಾತನ್ನು ಕಚೇರಿಯ ಅಕ್ಷರದಲ್ಲಿ ಬರೆದು, ಓದಿ, ನಾನೇ ನಕ್ಕು, ನಾನೇ ಒಲೆಗೆ ಹಾಕುತ್ತಿದ್ದೆ. ಇಂಥ ಹುಚ್ಚು ಈ ಸೀಮೆಯಲ್ಲಿ ನನಗೊಬ್ಬನಿಗೇ ಇರಬೇಕೆಂದು ನಂಬಿದ್ದೆ.

ತಿಂಗಳಿಗೊಮ್ಮೆ ಕಚೇರಿಯ ಕಾಗದದ ಗಂಟು ತೆಗೆದುಕೊಂಡು ಬೀದರಿಗೆ ಹೋಗುವ ಪಾಳಿ ನನ್ನದು. ಗುರುವಾರ ಗಂಟು ಒಪ್ಪಿಸಿದರೆ ಶುಕ್ರವಾರ ರಜೆ. ಶನಿವಾರ ಬೆಳಿಗ್ಗೆ ಔರಾದಿನ ಕಡೆ ಹೋಗುವ ಬಂಡಿ. ಉಳಿಯುತ್ತಿದ್ದುದು ಗಂಜ್ ಪೇಟೆಯ ಒಬ್ಬ ಬೇಳೆ ವ್ಯಾಪಾರಿಯ ಮನೆಯಲ್ಲಿ. ಅಪ್ಪ ವರ್ಷವರ್ಷ ತೊಗರಿ ಹಾಕುತ್ತಿದ್ದುದು ಅವರ ಅಡತಿ ಅಂಗಡಿಗೇ, ಅದರಿಂದ ಮನೆಯ ಹುಡುಗನಂತೆ ನೋಡುತ್ತಿದ್ದರು. ಒಂದು ಶುಕ್ರವಾರ ಮಧ್ಯಾಹ್ನ ಊಟ ಮಾಡಿ ಕೆಳಗೆ ಚೀಲಗಳ ನಡುವೆ ಅಡ್ಡಾಗಿದ್ದೆ. ಮಾಳಿಗೆಯ ಮೇಲೆ ಯಾರೋ ಓದುವ ದನಿ ಕೇಳಿತು. ಪುರಾಣವಿರಬೇಕೆಂದು ಮಗ್ಗುಲು ಬದಲಿಸಿದೆ. ಆದರೆ ಯಾವ ಪುರಾಣದಲ್ಲಿ ಎಮ್ಮೆ ಕಟ್ಟು ಹರಿದುಕೊಂಡು ಹೋಗಿ ಪೊಲೀಸ್ ಅಮೀನಸಾಹೇಬರ ಅಂಗಳದಲ್ಲಿ ಸಗಣಿ ಹಾಕುತ್ತದೆ? ಎದ್ದು ಕೂತೆ. ಯಾರೋ ನಮ್ಮ ಮಾತಿನಲ್ಲಿ, ನಮ್ಮ ಎಮ್ಮೆಯ ಬಗ್ಗೆ ಬರೆದಿದ್ದರು! ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತುಬಿಟ್ಟೆ. ಓದುತ್ತಿದ್ದವರು ಕಾಗದ ಮಡಚಿದರು. ಮನೆಯ ಯಜಮಾನರಾದ ವ್ಯಾಪಾರಿಗಳು, "ನಮ್ಮ ಹುಡುಗನ ಅದಾನ್ರೀ, ಭಾಲ್ಕಿಯವ. ಬಾ ತಮ್ಮಾ, ಕೂಡು" ಎಂದರು. ಕಂಬಕ್ಕೆ ಒರಗಿ ಕೂತೆ, ಬೆನ್ನೆಲ್ಲ ಬೆವರಿತ್ತು.

ಆಗ ಉರ್ದುವಿನ ರಾಜ್ಯ, ನಾಲ್ಕು ಜನ ಒಂದೆಡೆ ಸೇರಿ ಸಭೆ ಅಂತ ಮಾಡಬೇಕಾದರೆ ಸರಕಾರದ ಪರವಾನಗಿ ಬೇಕಿತ್ತು. ಅದಕ್ಕೇ ಆ ಕೋಣೆಯಲ್ಲಿ ವ್ಯಾಸಪೀಠದ ಮೇಲೆ ಒಂದು ಪುರಾಣದ ಪೋಥಿ ಸದಾ ಬಿಚ್ಚಿಟ್ಟಿರುತ್ತಿತ್ತು, ಪಕ್ಕದಲ್ಲಿ ಪುಠಾಣಿ ಸಕ್ಕರೆಯ ಪ್ರಸಾದ. ಯಾರಾದರೂ ಕೇಳಿದರೆ ಪುರಾಣ ಹಚ್ಚಿದ್ದೇವೆ ಎನ್ನಬಹುದಿತ್ತು. ಬರುತ್ತಿದ್ದವರು ಏಳೆಂಟು ಜನ. ಅವರಲ್ಲಿ ನಾನು ಹೆಚ್ಚು ಅಂಜುತ್ತಿದ್ದುದು ಒಬ್ಬ ವಕೀಲರಿಗೆ. ಅವರು ನೋಡಿದರೆ ನಾನು ಯಾವುದೋ ಮೊಕದ್ದಮೆಯಲ್ಲಿ ಸುಳ್ಳು ಸಾಕ್ಷಿ ಹೇಳಿದಂತೆ ಅನ್ನಿಸುತ್ತಿತ್ತು. ಇನ್ನೊಬ್ಬರು ವಯಸ್ಸಾದ ಮಾಸ್ತರು, ಎಮ್ಮೆಯ ಕತೆ ಅವರದೇ.

ಅಲ್ಲಿಯ ರೂಢಿ ನನಗೆ ಎಲ್ಲಕ್ಕಿಂತ ಹಿಡಿಸಿತು. ಬರೆದವರು ತಮ್ಮದನ್ನು ತಾವು ಓದುವಂತಿಲ್ಲ. ಬಂದವರೆಲ್ಲ ತಮ್ಮ ಕಾಗದವನ್ನು ಬೇಳೆ ಕೇರುವ ಮೊರದಲ್ಲಿ ಹಾಕುವುದು, ಆಮೇಲೆ ಕೈಗೆ ಸಿಕ್ಕದ್ದನ್ನು ತೆಗೆದು ಓದುವುದು. ಯಾರದು ಎಂದು ಯಾರೂ ಕೇಳುವುದಿಲ್ಲ. ಇದು ಹುಟ್ಟಿದ್ದು ವ್ಯಾಪಾರಿಗಳ ಅಕ್ಕನಿಂದ. ಅವರು ವಿಧವೆ, ತವರಲ್ಲೇ ಇದ್ದರು, ಬಹಳ ಚಂದ ಬರೆಯುತ್ತಿದ್ದರು. ಗಂಡಸರ ನಡುವೆ ಬಂದು ಓದುವುದು ಆ ಕಾಲಕ್ಕೆ ಆಗದ ಮಾತು. ಅವರೊಬ್ಬರದನ್ನೇ ಬೇರೆಯವರು ಓದಿದರೆ ಅವರಿಗೆ ಸಂಕೋಚವೆಂದು, ಎಲ್ಲರದನ್ನೂ ಬೇರೆಯವರೇ ಓದಲಿ ಎಂದು ಮಾಡಿಕೊಂಡಿದ್ದರು. ಅಕ್ಕ ಒಳಗಿನ ಬಾಗಿಲ ಮರೆಯಲ್ಲಿ ಕೂತು ಕೇಳುತ್ತಿದ್ದರು. ಅವರ ಬಳೆಯಿಲ್ಲದ ಕೈ ಒಮ್ಮೊಮ್ಮೆ ಕಾಣುತ್ತಿತ್ತು. ದನಿಯನ್ನು ಆ ಕೋಣೆಯಲ್ಲಿ ಯಾರೂ ಕೇಳಿರಲಿಲ್ಲ.

ಅಲ್ಲಿಂದ ತಿಂಗಳು ತಿಂಗಳು ಹೋದೆ. ಔರಾದಿನ ಉಳಿದ ದಿನಗಳೆಲ್ಲ ಆ ಒಂದು ಮಧ್ಯಾಹ್ನಕ್ಕಾಗಿ ಕಾಯುವುದಾಯಿತು. ಖುಷಿ ಅಂತೀರಾ? ಖುಷಿ ಇತ್ತು, ಆದರೆ ಅದನ್ನು ಅನುಭವಿಸುವ ಧೈರ್ಯ ಇರಲಿಲ್ಲ. ಕಚೇರಿಯಲ್ಲಿ ಯಾರಾದರೂ "ಬೀದರದಾಗ ಶುಕ್ರವಾರ ಏನ್ ಮಾಡ್ತೀರಿ?" ಎಂದರೆ ನಕಲಿನ ಕಾಗದದ ಮೇಲೆ ಇನ್ನಷ್ಟು ಬಾಗುತ್ತಿದ್ದೆ. ಇತ್ತ ಕೋಣೆಯಲ್ಲಿ, ನಾನು ಬಂದು ಕೂತ ಕೂಡಲೇ ಮಾತು ಒಂದು ಮೆಟ್ಟಿಲು ಕೆಳಗಿಳಿಯುತ್ತಿತ್ತು. ಕಚೇರಿಯ ಮನುಷ್ಯ, ಎಲ್ಲ ಕೇಳುತ್ತಾನೆ, ಏನೂ ಆಡುವುದಿಲ್ಲ. ವಕೀಲರ ಕಣ್ಣು ನನ್ನ ಮೇಲೇ ಇರುತ್ತಿತ್ತು. "ಹೌದ್ರಿ", "ಇಲ್ರಿ" ಎಂಬ ಎರಡು ಮಾತಲ್ಲೇ ನಾನು ತಿಂಗಳುಗಟ್ಟಲೆ ಕಳೆದೆ. ಹೊಗಳಬೇಕೆಂದು ಬಾಯಿಯವರೆಗೂ ಬಂದ ಮಾತು ಪುಠಾಣಿಯ ಜೊತೆ ನುಂಗಿಹೋಗುತ್ತಿತ್ತು.

ಕೊನೆಗೊಮ್ಮೆ ವ್ಯಾಪಾರಿಗಳು ಕೆಳಗೆ ನನ್ನನ್ನು ನಿಲ್ಲಿಸಿ, "ತಮ್ಮಾ, ಬರೇ ಕೇಳಿ ಹೋದ್ರ ಮಂದಿ ಏನರ ತಿಳ್ಕೋತಾರ. ಮುಂದಿನ ಸಲ ನಿಂದೂ ಒಂದು ಮೊರದಾಗ ಬೀಳಲಿ" ಎಂದರು. ನಾನು ಬರೆಯುತ್ತೇನೆಂದು ಅವರಿಗೆ ಹೇಗೆ ಗೊತ್ತಾಯಿತೋ. ಆ ತಿಂಗಳು ನಿದ್ದೆಯಿಲ್ಲ. ಬರೆದೆ, ಹರಿದೆ, ಮತ್ತೆ ಬರೆದೆ. ಯಾರೋ ಓದುತ್ತಾರೆ, ನಾನು ಕಂಬಕ್ಕೆ ಒರಗಿ ಸುಮ್ಮನೆ ಕೂತಿರಬಹುದು ಎಂಬುದೊಂದೇ ಸಮಾಧಾನ. ಅಕ್ಷರದ ಚಿಂತೆ ಮಾತ್ರ ತಲೆಗೆ ಬರಲೇ ಇಲ್ಲ. ಅಲ್ಲಿದ್ದವರೆಲ್ಲ ಉರ್ದು ಸಾಲೆ ಕಲಿತವರೇ ಅಲ್ಲವೇ? ಕಚೇರಿಯ ರದ್ದಿ ಕಾಗದದ ಹಿಂಬದಿಗೆ, ಕಚೇರಿಯ ಅವಸರದ ಬರಹದಲ್ಲಿ, ಅಕ್ಷರದ ಚುಕ್ಕೆಗಳನ್ನೆಲ್ಲ ಬಿಟ್ಟು, ನಾನು ದಿನಾ ಬರೆಯುವ ಹಾಗೆಯೇ ಬರೆದು ಮಡಚಿಕೊಂಡು ಹೋದೆ. ಎಲ್ಲರಿಗಿಂತ ಮೊದಲು ಮೇಲೆ ಹೋಗಿ ಮೊರದಲ್ಲಿ ಹಾಕಿ ಇಳಿದುಬಂದೆ.

ನನ್ನದು ವಕೀಲರ ಕೈಗೇ ಬರಬೇಕೆ!

ಅವರು ಬಿಚ್ಚಿದರು. ತಿರುಗಿಸಿ ನೋಡಿದರು, ಒಂದು ಬದಿಗೆ ಕಚೇರಿಯ ಠಸ್ಸೆಯ ಮುದ್ರೆ. ಮತ್ತೆ ತಿರುಗಿಸಿ ತುಟಿ ಅಲುಗಿಸಿದರು. ಹುಬ್ಬು ಗಂಟಾಯಿತು.

"ಅಕ್ಷರ ಉರ್ದು ಅದಾವ. ಮಾತು ಉರ್ದು ಅಲ್ಲ, ಫಾರಸಿನೂ ಅಲ್ಲ" ಎಂದರು. "ಮಂದಿಗಿ ತಿಳಿಬಾರದಂತ ಬರದಂಗದ. ಇದು ಇಲ್ಲಿಗಿ ಹ್ಯಾಂಗ ಬಂತ್ರೀ?"

 ಎಲ್ಲರ ಕಣ್ಣು ನಾನು ಒರಗಿದ್ದ ಕಂಬದ ಕಡೆ ತಿರುಗಿದವು. ಮಾಸ್ತರು ಮೊರದಲ್ಲಿದ್ದ ಉಳಿದ ಕಾಗದಗಳನ್ನು ಒಂದೊಂದಾಗಿ ತೆಗೆದು ಪೋಥಿಯ ಅಡಿಗೆ ಸರಿಸತೊಡಗಿದರು. ನನಗೆ ಆಗ ಅರ್ಥವಾಯಿತು. ಇವರು ನನ್ನನ್ನು ಖಬರಿ ಮುಟ್ಟಿಸುವವನೆಂದು ತಿಳಿದಿದ್ದಾರೆ. ಇಲ್ಲಿ ಕೇಳಿದ್ದನ್ನು ಬರೆದುಕೊಂಡು ಹೋಗಿ ಮೇಲಿನವರಿಗೆ ಕೊಡುವವನು, ಇವತ್ತು ಆ ಕಾಗದ ಕೈತಪ್ಪಿ ಮೊರಕ್ಕೆ ಬಿದ್ದಿದೆ ಅಂತ.  ಎದ್ದು ಓಡಿಬಿಡಲೇ? ಓಡಿದರೆ ಅನುಮಾನ ಖರೆಯಾಗುತ್ತದೆ. ನಾನು ಇಲ್ಲಿಗೆ ಬರುವುದಷ್ಟೇ ತಪ್ಪುವುದಲ್ಲ, ಅಂಜಿಕೆಯಿಂದ ಇವರೂ ಸೇರುವುದನ್ನು ಬಿಡುತ್ತಾರೆ. ಎಮ್ಮೆಯ ಕತೆ ಬರೆದವರು, ಬಾಗಿಲ ಮರೆಯಲ್ಲಿ ಕೂತು ಕೇಳುವವರು, ಎಲ್ಲರಿಗೂ ಇದ್ದದ್ದು ಇದೊಂದು ಕೋಣೆ. ನನ್ನ ಈ ಹಾಳು ಬಾಯಿಯಿಂದ ಅದೂ ಮುಚ್ಚಿಹೋಗುತ್ತದೆ.

"ನಂದು" ಎಂದೆ.

"ಏನು ಬರದದ ಇದರಾಗ? ಯಾರಿಗಿ ಬರದೀರಿ?"

"ಕನ್ನಡ ಅದರಿ. ಯಾರಿಗೂ ಅಲ್ರಿ."

ವಕೀಲರು ಕಾಗದವನ್ನು ನನ್ನ ಮುಂದೆ ಹಿಡಿದರು. "ಕನ್ನಡ ಇದ್ರ ಓದ್ರಲಾ. ನಾವೂ ಕೇಳ್ತೇವಿ."

ತೆಗೆದುಕೊಂಡೆ. ನನ್ನದೇ ಬರಹ ಕಣ್ಣಮುಂದೆ ಇರುವೆಗಳಂತೆ ಹರಿದಾಡಿತು. "ನಮ್ಮ ಮನಿಗಿ" ಎಂದೆ.  ಮತ್ತೆ "ನಮ್ಮ ಮನಿಗಿ" ಎಂದೆ. ವ್ಯಾಪಾರಿಗಳು ನೀರಿನ ತಂಬಿಗೆ ಕೊಟ್ಟರು, ಅರ್ಧ ಮೈಮೇಲೆ ಸುರಿದುಕೊಂಡೆ. ಯಾರೋ ಕೆಮ್ಮಿದರು. ವಕೀಲರು ಸಿಟ್ಟಾಗಿರಲಿಲ್ಲ, ಅದೇ ನನಗೆ ಹೆಚ್ಚು ಭಯ ತಂದಿತು. ತಣ್ಣಗೆ ಕೇಳಿದರು, "ಬರದವರಿಗಿ ತಮ್ಮದು ತಮಗ ಓದ್ಲಿಕ್ಕಿ ಬರಲ್ಲೇನ್ರಿ?"

"ಬರದವರು ಓದೂದು ನಮ್ಮಲ್ಲಿ ರೂಢಿ ಇಲ್ರಿ, ವಕೀಲಸಾಬ."

ಹೆಂಗಸಿನ ದನಿ. ಒಳಬಾಗಿಲ ಕಡೆಯಿಂದ ಬಂದಿತ್ತು. ವ್ಯಾಪಾರಿಗಳೇ ಬೆಚ್ಚಿ ಹಿಂದಿರುಗಿ ನೋಡಿದರು.

"ತಮ್ಮಾ, ಇಲ್ಲಿ ಬಾ" ಎಂದಿತು ಆ ದನಿ. "ಬಾಗಲಾ ಕಡಿ ಮಾರಿ ಮಾಡಿ ಕೂಡು. ನನ್ನ ಕಿವಿಗಿ ಬಿದ್ರ ಸಾಕು, ಮೆಲ್ಲಕ ಹೇಳು. ನಾ ಹೇಳ್ತೇನಿ ಇವರಿಗಿ."

ನಾನು ಎದ್ದು ಹೋದೆನೋ, ತೆವಳಿ ಹೋದೆನೋ ನೆನಪಿಲ್ಲ. ಗಂಡಸರಿಗೆ ಬೆನ್ನು ಮಾಡಿ ಹೊಸ್ತಿಲ ಬಳಿ ಕೂತೆ. ಮುಂದೆ ಕದ, ಕದದಾಚೆ ಬಿಳಿ ಸೀರೆಯ ಸೆರಗು. ಮೊದಲ ಸಾಲನ್ನು ಪಿಸುಗುಟ್ಟಿದೆ. ಅಕ್ಕ ಅದನ್ನು ಕೋಣೆಗೆಲ್ಲ ಕೇಳುವಂತೆ ಹೇಳಿದರು.

"ನಮ್ಮ ಮನಿಗಿ ಬೀಗರು ಬಂದ್ರ ನಾ ಜ್ವಾಳದ ಕಣಜದ ಹಿಂದ ಹೋಗಿ ಕೂಡ್ತಿದ್ದೆ."

ಎರಡನೆಯ ಸಾಲು ಹೇಳಿದೆ.

"ನಮ್ಮವ್ವ ಅವರಿಗಿ, ಹುಡುಗ ಹೊಲಕ್ಕ ಹೋಗ್ಯಾನ, ಬರೂದು ತಡಾ ಆಗ್ತದ ಅಂತ ಹೇಳ್ತಿದ್ಳು."

 ನಾನು ಹೇಳುತ್ತ ಹೋದೆ, ಅವರು ಹೇಳುತ್ತ ಹೋದರು.

"ಒಮ್ಮಿ ಕಣಜದ ಧೂಳಿಗಿ ನನಗ ಸೀನು ಬಂತು. ತಡಕೊಂಡೆ, ಆಗಲಿಲ್ಲ. ಒಂದಲ್ಲ, ಮ್ಯಾಲಿಂದ ಮ್ಯಾಲ ಸೀನು. ಬೀಗರು ತಾಟಿನ ಮ್ಯಾಲ ಕೈ ಹಿಡಿದು ಕೇಳಿದ್ರು, ಅಲ್ಲಬೇ ಬೀಗತಿ, ನಿಮ್ಮ ಹೊಲ ಭಾಳ ಸಮೀಪ ಅದಲ್ಲ?"

ಮೊದಲು ನಕ್ಕವರು ಮಾಸ್ತರು, ಮುದುಕರ ಒಣ ನಗೆ. ಆಮೇಲೆ ವ್ಯಾಪಾರಿಗಳು, ಆಮೇಲೆ ಕೋಣೆಗೆ ಕೋಣೆಯೇ. ನಾನು ತಿರುಗಿ ನೋಡಲಿಲ್ಲ, ನೋಡುವ ಎದೆ ಇರಲಿಲ್ಲ. ನನ್ನ ಬರಹ ಬೇರೊಬ್ಬರ ಬಾಯಿಂದ ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು. ಅದು ಚೆನ್ನಾಗಿತ್ತು. ಹೇಳಿಕೊಳ್ಳಬಾರದು, ಆದರೆ ಚೆನ್ನಾಗಿತ್ತು.

ಹೊಸ್ತಿಲಿಗೆ ಹತ್ತಿರ ಕೂತಿದ್ದರಿಂದ ಇನ್ನೊಂದು ಮಾತು ನನಗಷ್ಟೇ ತಿಳಿಯಿತು. ಒಂದೊಂದು ಸಾಲಿಗೂ ಮೊದಲು ಅಕ್ಕ ಉಸಿರು ಹಿಡಿಯುತ್ತಿದ್ದರು, ನೀರಿಗೆ ಇಳಿಯುವವರಂತೆ.  ಇಷ್ಟು ವರ್ಷ ತಮ್ಮದನ್ನು ಕೂಡ ತಮ್ಮ ದನಿಯಲ್ಲಿ ಹೇಳದವರು, ನನ್ನಂಥ ಗುರುತಿಲ್ಲದವನದನ್ನು ಹೇಳುತ್ತಿದ್ದರು. ನನ್ನಷ್ಟೇ ಅಂಜುತ್ತ ಹೇಳುತ್ತಿದ್ದರು. ನನ್ನ ಕಣ್ಣು ತುಂಬಿ ಬಂದು ಕೊನೆಯ ಸಾಲುಗಳನ್ನು ಓದಲಾಗದೆ ನೆನಪಿನಿಂದಲೇ ಒಪ್ಪಿಸಿದೆ.

ಮುಗಿದ ಮೇಲೆ ವಕೀಲರು ಗಂಟಲು ಸರಿಮಾಡಿಕೊಂಡರು. ಈಗೇನು ಕೇಳುತ್ತಾರೋ ಎಂದುಕೊಂಡೆ. ಅವರು ನನ್ನೊಂದಿಗೆ ಮಾತಾಡಲಿಲ್ಲ, ವ್ಯಾಪಾರಿಗಳ ಕಡೆ ತಿರುಗಿದರು.

"ಇವರು ಬಂದ್ರ ಅಕ್ಕನೋರು ಮಾತಾಡ್ತಾರ ಅಂದಂಗಾತು. ಹಂಗಿದ್ರ ಇವರಿಗಿ ಬಿಡೂದು ಬ್ಯಾಡ್ರೀ."

ಮತ್ತೆ ನಗೆ. ಮಾಸ್ತರು ಪೋಥಿಯ ಅಡಿಯಿಂದ ಕಾಗದಗಳನ್ನು ಎಳೆದು ಮೊರಕ್ಕೆ ಹಾಕಿ, ಮೇಲಿನದನ್ನು ತೆಗೆದುಕೊಂಡು ಕನ್ನಡಕ ಏರಿಸಿದರು. ನಾನು ಕಂಬದ ಕಡೆ ಹೋಗದೆ ಅವರೆಲ್ಲರ ನಡುವೆ ಕೂತೆ. ಅಷ್ಟು ಹೊತ್ತಿಗೆ ನಾನು ಏನಾದರೂ ಹೇಳಬೇಕಿತ್ತು, ಒಂದು ಉಪಕಾರದ ಮಾತನ್ನಾದರೂ. ಹೇಳಲಾಗಲಿಲ್ಲ. ಯಾರೂ ಅದನ್ನು ತಪ್ಪು ತಿಳಿಯಲಿಲ್ಲ.